ನಕಾಶೆ ಕಂಡ ದಾರಿ ಮತ್ತು ರೂಢಿಯ ದಾರಿ: ಗುತ್ತೂರು ಪರಿಸರದ ಗತಕಾಲದ ಅಧ್ಯಯನದಲ್ಲಿ ಹಳೆಯ ಸ್ಥಳವರ್ಣನಾ ನಕ್ಷೆಗಳು

ಪೀಠಿಕೆ

ಗ್ರಾಮೀಣ ಕರ್ನಾಟಕದ ಕಂದಾಯ ವ್ಯವಹಾರದಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತು ಬಳಕೆಯಲ್ಲಿದೆ. ಗ್ರಾಮದ ಭೂಮಾಪನ ನಕ್ಷೆಯಲ್ಲಿ ಗುರುತಾಗಿರುವ ದಾರಿ ಎಂಬುದು ಅದರ ಅರ್ಥ. ನಕ್ಷೆಯಲ್ಲಿ ಗುರುತಾಗದೆ ಜನರ ನಡೆದಾಟದಿಂದ ಮಾತ್ರ ಉಳಿದುಬಂದದ್ದು ರೂಢಿಯ ದಾರಿ. ಮೊದಲನೆಯದಕ್ಕೆ ಕಚೇರಿಯಲ್ಲಿ ದಾಖಲೆಯಿದೆ. ಎರಡನೆಯದಕ್ಕೆ ಊರ ಹಿರಿಯರ ಮಾತೇ ದಾಖಲೆ. ಹೊಲದ ಒಡೆಯರು ಬದಲಾದಾಗ, ನಾಲೆ ಅಥವಾ ಹೆದ್ದಾರಿ ಅಡ್ಡಬಂದಾಗ, ನಿವೇಶನಗಳ ಬಡಾವಣೆ ಎದ್ದಾಗ ಮೊದಲು ಅಳಿಯುವುದು ಈ ಎರಡನೆಯ ದಾರಿ. ಜಾನಪದ ವಿದ್ವಾಂಸರು ಬಹುಕಾಲ ರೂಢಿಯ ದಾರಿಯನ್ನೇ ಹಿಡಿದು ನಡೆದವರು. ನಕಾಶೆಯನ್ನು ಅವರು ಭೂಗೋಳಶಾಸ್ತ್ರಜ್ಞರಿಗೂ ಭೂಮಾಪಕರಿಗೂ ಬಿಟ್ಟುಕೊಟ್ಟರು. ಇದರಿಂದ ನಮ್ಮ ಅಧ್ಯಯನಗಳಿಗೆ ಒಂದು ಕೊರತೆ ಉಂಟಾಗಿದೆ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಹಳೆಯ ಸ್ಥಳವರ್ಣನಾ ನಕ್ಷೆಗೆ, ಅಂದರೆ ಸಾಮಾನ್ಯವಾಗಿ ‘ಟೋಪೋಶೀಟ್’ ಎಂದು ಕರೆಯಲಾಗುವ ಹಾಳೆಗೆ, ಎಡೆ ಗೊತ್ತು, ಅರ್ಥ ಗೊತ್ತಿಲ್ಲ. ಜನರ ನೆನಪಿಗೆ ಅರ್ಥ ಗೊತ್ತು, ಅಳತೆ ಗೊತ್ತಿಲ್ಲ. ಇವೆರಡೂ ಹೊಂದುವಲ್ಲಿ ನಮಗೆ ದೃಢೀಕರಣ ದೊರೆಯುತ್ತದೆ. ಹೊಂದದಿರುವಲ್ಲಿ ಸಂಶೋಧನೆಯ ಪ್ರಶ್ನೆ ಹುಟ್ಟುತ್ತದೆ. ಈ ಮಾತನ್ನು ಹರಿಹರದ ನೆರೆಯ ಗುತ್ತೂರು ಮತ್ತು ಅದರ ಸುತ್ತಣ ತುಂಗಭದ್ರಾ ತೀರದ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

1. ಪ್ರದೇಶದ ಸ್ವರೂಪ

ಗುತ್ತೂರು ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಗ್ರಾಮ; ಹರಿಹರ ಪಟ್ಟಣದ ಬೆಳವಣಿಗೆಯ ಅಂಚಿನಲ್ಲಿರುವಂಥದು. ರಾಜ್ಯದ ವಿದ್ಯುತ್ ಪ್ರಸರಣ ಜಾಲದಲ್ಲಿ ಇದು 400 ಕಿಲೋವೋಲ್ಟ್ ಕೇಂದ್ರದ ಹೆಸರಾಗಿ ಪರಿಚಿತವಾಗಿದೆ. ಶಾಸನಗಳ ಕಾಲದಲ್ಲಿ ಹರಿಹರಕ್ಕೆ ಕೂಡಲೂರು ಎಂಬ ಹೆಸರಿತ್ತು. ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುವುದೇ ಅದಕ್ಕೆ ಕಾರಣ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಈ ಪ್ರದೇಶದ ಎಲ್ಲ ನಕ್ಷೆಗಳಿಗೂ ಅಚಲವಾದ ಗುರುತು.

ಆಡಳಿತದ ದೃಷ್ಟಿಯಿಂದ ಇದು ಮೂರು ಸೀಮೆಗಳು ಸಂಧಿಸುವ ಪ್ರದೇಶವಾಗಿತ್ತು. ನದಿಯ ಈ ದಡ ಮೈಸೂರು ಸಂಸ್ಥಾನ. ಆ ದಡದ ರಾಣೆಬೆನ್ನೂರು ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಉತ್ತರದ ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರಿಗೆ ಸೇರಿತು. 1956ರ ಏಕೀಕರಣದಲ್ಲಿ ಧಾರವಾಡವೂ ಒಂದಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ಅದರೊಳಗೆ ಬಂದಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಈ ಇತಿಹಾಸ ತಿಳಿಯದೆ ದಾಖಲೆಗಳನ್ನು ಹುಡುಕುವವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹರಿಹರದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ಹರಿಹರ ತಾಲ್ಲೂಕು ಎಂಬ ತಲೆಬರಹದಡಿ ಹುಡುಕಿದರೆ ಸಿಗುವುದಿಲ್ಲ, ಅವು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನಡಿ ಸೇರಿವೆ. ನಕ್ಷೆಗಳ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು.

ಆಡಳಿತ ವಿಭಾಗಗಳು ತುಂಡರಿಸಿದ ಈ ನೆಲವನ್ನು ಜನರ ಕಲ್ಪನೆ ಒಂದಾಗಿಯೇ ಕಂಡಿದೆ. ಇದಕ್ಕೆ ಹರಿಹರದ ಸ್ಥಳಪುರಾಣವೇ ಸಾಕ್ಷಿ. ಬಿ. ಎಲ್. ರೈಸ್ ತಮ್ಮ ಗ್ಯಾಜೆಟಿಯರಿನಲ್ಲಿ ಸಂಗ್ರಹಿಸಿರುವಂತೆ, ಹರಿಹರನಿಂದ ಹತನಾದ ಗುಹಾಸುರನ ಅರಣ್ಯಕ್ಕೆ ಪೂರ್ವದಲ್ಲಿ ಉಚ್ಚಂಗಿದುರ್ಗ, ದಕ್ಷಿಣದಲ್ಲಿ ಹೊನ್ನಾಳಿ ಸೀಮೆಯ ಗೋವಿನಕೋವಿ, ಪಶ್ಚಿಮದಲ್ಲಿ ಅಂದಿನ ಕೋಡ ತಾಲ್ಲೂಕಿನ ಮುದನೂರು, ಉತ್ತರದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಐರಣಿ ಎಲ್ಲೆಗಳು. ಈ ನಾಲ್ಕು ಎಡೆಗಳಲ್ಲಿ ಒಂದು ಮದರಾಸು ಪ್ರಾಂತದಲ್ಲಿಯೂ ಒಂದು ಮೈಸೂರಿನಲ್ಲಿಯೂ ಎರಡು ಮುಂಬಯಿ ಪ್ರಾಂತದಲ್ಲಿಯೂ ಇದ್ದವು. ಪುರಾಣದ ಎಲ್ಲೆಗೆ ಪ್ರಾಂತದ ಎಲ್ಲೆ ಗೊತ್ತಿಲ್ಲ. ಇದು ಗೆರೆಯಿಲ್ಲದ, ಬಾಯಿಮಾತಿನ ಒಂದು ನಕ್ಷೆ. ಭೂಮಾಪಕರು ಬರುವುದಕ್ಕೆ ಮೊದಲೇ ಈ ಪ್ರದೇಶಕ್ಕೆ ಹೀಗೆ ಒಂದು ಚಕ್ಕುಬಂದಿ ಇದ್ದಿತೆಂಬುದನ್ನು ಮರೆಯಬಾರದು.

2. ನಕ್ಷೆಗಳು ಬಂದ ಬಗೆ

ಈ ಸೀಮೆಗೆ ಆಧುನಿಕ ಭೂಮಾಪನ ಬಂದದ್ದು ಯುದ್ಧದ ಬೆನ್ನಿಗೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಮರುವರ್ಷದ ಜೂನ್ ತಿಂಗಳಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿತು. ಅದೇ ಕಾಲಕ್ಕೆ ಕಾಲಿನ್ ಮೆಕೆಂಜಿಯ ಮೈಸೂರು ಭೂಮಾಪನ ಆರಂಭವಾಯಿತು. ಹೊಳೆಯನ್ನು ಎಲ್ಲಿ ದಾಟಬಹುದು, ಫಿರಂಗಿಯ ಬಂಡಿ ಯಾವ ದಾರಿಯಲ್ಲಿ ಹೋಗಬಹುದು, ದಂಡಿಗೆ ನೀರು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದ ನಕ್ಷೆಗಳಿವು. ಆದ್ದರಿಂದಲೇ ಅವುಗಳಲ್ಲಿ ದಾರಿ, ಕೋಟೆ, ಕೆರೆಗಳು ಎದ್ದು ಕಾಣುತ್ತವೆ. ಮೆಕೆಂಜಿ ಕೇವಲ ನಕ್ಷೆಗೆ ತೃಪ್ತನಾಗಲಿಲ್ಲ. ಕಾವಲಿ ವೆಂಕಟ ಬೋರಯ್ಯ ಮೊದಲಾದ ದೇಶೀಯ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿದೆ. ನಕ್ಷೆಯೂ ಕಥನವೂ ಒಂದೇ ಯೋಜನೆಯ ಎರಡು ಕೈಗಳಾಗಿದ್ದವು. ನಂತರದ ಕಾಲದಲ್ಲಿ ಅವು ಬೇರೆ ಬೇರೆ ಕಪಾಟುಗಳಿಗೆ ಸೇರಿದವು. 1801ರಲ್ಲಿ ಹರಿಹರ, ದಾವಣಗೆರೆಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕನನ್ ದಾವಣಗೆರೆಯ ಕಂಬಳಿ ವ್ಯಾಪಾರವನ್ನು ವಿವರಿಸಿದ್ದಾನೆ. ಆತನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಮೆಕೆಂಜಿಯ ನಕ್ಷೆಯ ಜೊತೆಗಿಟ್ಟು ಓದಬೇಕಾದ ಗ್ರಂಥವಿದು.

ಎರಡನೆಯ ಹಂತ ಕಂದಾಯ ಭೂಮಾಪನದ್ದು. ಮುಂಬಯಿ ಪದ್ಧತಿಯನ್ನನುಸರಿಸಿ 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಈ ಕಾರ್ಯ ಮೊದಲು ಕೈಗೆತ್ತಿಕೊಂಡದ್ದು ಚಿತ್ರದುರ್ಗದ ಸೀಮೆಯನ್ನೇ. 33 ಅಡಿಯ ಸರಪಳಿ, 33 ಅಡಿ ಚದರದ ಗುಂಟೆ, 40 ಗುಂಟೆಯ ಎಕರೆ, ಸರ್ವೆ ನಂಬರು, ಬಾಂದುಕಲ್ಲು, ಖರಾಬು ಮೊದಲಾದ ಮಾತುಗಳು ರೈತರ ನಿತ್ಯದ ನುಡಿಗೆ ಸೇರಿದ್ದು ಆ ಮೇಲೆ. ಈ ಗ್ರಾಮ ನಕ್ಷೆಗಳ ಪ್ರಮಾಣ ಒಂದು ಮೈಲಿಗೆ ಎಂಟು ಇಂಚು, ಅಂದರೆ 1:7,920. ಇವು ಹೊಲಹೊಲವನ್ನೂ ತೋರಿಸುತ್ತವೆ. ನೆಲದ ಏರಿಳಿತವನ್ನು ತೋರಿಸುವುದಿಲ್ಲ.

ಮೂರನೆಯದು ನಮ್ಮ ಮುಖ್ಯ ವಿಷಯವಾದ ಸ್ಥಳವರ್ಣನಾ ನಕ್ಷೆ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮೈಸೂರು ಸಂಸ್ಥಾನದ ಈ ಬಗೆಯ ಸರ್ವೇಕ್ಷಣೆ ನಡೆಯಿತು. ಭಾರತೀಯ ಸರ್ವೇಕ್ಷಣಾ ಇಲಾಖೆ 1905ರ ನಂತರ ಇಡೀ ದೇಶಕ್ಕೆ ಏಕರೂಪದ ಹೊಸ ಸರಣಿಯನ್ನು ಕೈಗೊಂಡಿತು. ಇದರ ಪ್ರಮಾಣ ಮೈಲಿಗೆ ಒಂದು ಇಂಚು, ಅಂದರೆ 1:63,360. ಮೆಟ್ರಿಕ್ ಪದ್ಧತಿ ಬಂದ ಮೇಲೆ ಇದು 1:50,000 ಆಯಿತು. ಈ ಸರಣಿಯಲ್ಲಿ ಗುತ್ತೂರು, ಹರಿಹರಗಳು 48 ಎನ್/14ನೆಯ ಹಾಳೆಗೆ ಸೇರುತ್ತವೆ. ಹರಿಹರ ಪಟ್ಟಣ ಈ ಹಾಳೆಯ ತೀರ ಕೆಳ ಅಂಚಿನಲ್ಲಿ, 14 ಡಿಗ್ರಿ 30 ಮಿನಿಟು ಅಕ್ಷಾಂಶದ ಸ್ವಲ್ಪ ಮೇಲೆ ಬರುತ್ತದೆ. ದಾವಣಗೆರೆ ಅದರ ಕೆಳಗಿನ 48 ಎನ್/15ರಲ್ಲಿದೆ. ಪೂರ್ವಕ್ಕೆ ಉಚ್ಚಂಗಿದುರ್ಗದ ಕಡೆ ಸಾಗಿದರೆ 76ನೆಯ ರೇಖಾಂಶದಲ್ಲಿ 48ರ ಹಾಳೆಗಳು ಮುಗಿದು 57ರವು ತೊಡಗುತ್ತವೆ. ಹೀಗೆ ಜನರು ಒಂದೇ ಸೀಮೆಯೆಂದು ತಿಳಿದ ನೆಲ ಅಕ್ಷಾಂಶ ರೇಖಾಂಶಗಳ ಲೆಕ್ಕದಲ್ಲಿ ಹಲವು ಹಾಳೆಗಳಿಗೆ ಹಂಚಿಹೋಗಿದೆ. ಒಂದೇ ಹಾಳೆಯನ್ನು ಇಟ್ಟುಕೊಂಡು ಗುತ್ತೂರಿನ ಅಧ್ಯಯನ ಮಾಡಿದರೆ ಅದರ ದಕ್ಷಿಣದ ನೆಂಟಸ್ತಿಕೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಕಡೆ, ಈ ಹಾಳೆಗಳು ನದಿಯ ಎರಡೂ ದಡಗಳನ್ನು ಒಟ್ಟಿಗೆ ತೋರಿಸುತ್ತವೆ. ಮೈಸೂರಿನ ಕಂದಾಯ ನಕ್ಷೆ ಹೊಳೆಯ ಮಧ್ಯಕ್ಕೆ ನಿಲ್ಲುತ್ತದೆ. ಸ್ಥಳವರ್ಣನಾ ನಕ್ಷೆ ದಾಟಿ ಮುಂದೆ ಹೋಗುತ್ತದೆ. ಜಾನಪದದ ಅಧ್ಯಯನಕ್ಕೆ ಇದು ದೊಡ್ಡ ಅನುಕೂಲ.

3. ಹಾಳೆಯ ಕಾಲವನ್ನು ತಿಳಿಯುವುದು

ನಕ್ಷೆಯನ್ನು ಓದುವ ಮೊದಲು ಅದರ ಅಂಚನ್ನು ಓದಬೇಕು. ಅಲ್ಲಿ ಸರ್ವೇಕ್ಷಣೆಯ ವರ್ಷ, ಪ್ರಕಟಣೆಯ ವರ್ಷ, ಪರಿಷ್ಕರಣೆಯ ವಿವರ ಇರುತ್ತವೆ. ಇವು ಒಂದೇ ಅಲ್ಲ. ಹಲವು ಮರುಮುದ್ರಣಗಳಲ್ಲಿ ರಸ್ತೆ, ರೈಲುಮಾರ್ಗಗಳನ್ನು ಮಾತ್ರ ತಿದ್ದಿ ಉಳಿದುದನ್ನು ಹಾಗೆಯೇ ಬಿಡಲಾಗಿದೆ. ಅಂಥ ಹಾಳೆಯಲ್ಲಿ ಹೊಸ ರಸ್ತೆಯ ಪಕ್ಕದಲ್ಲಿರುವ ತೋಪು ಮೂವತ್ತು ವರ್ಷದ ಹಿಂದೆಯೇ ಕಡಿದುಹೋಗಿರಬಹುದು. ಆದುದರಿಂದ ಒಂದು ಹಾಳೆಯನ್ನು ಒಂದೇ ಕಾಲದ ಚಿತ್ರವೆಂದು ಭಾವಿಸದೆ, ಹಲವು ಕಾಲಗಳ ಪದರವೆಂದು ತಿಳಿಯುವುದು ಲೇಸು.

ಅಂಚು ಹರಿದುಹೋದ ಹಾಳೆಗಳಿಗೆ ಒಳಗಿನ ಸಾಕ್ಷ್ಯವೇ ಆಧಾರ. ಈ ಪ್ರದೇಶದಲ್ಲಿ ಅದಕ್ಕೆ ಒಳ್ಳೆಯ ಮೈಲಿಗಲ್ಲುಗಳಿವೆ. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಹರಿಹರದಲ್ಲಿ ಕಟ್ಟಿದ ಹದಿನಾಲ್ಕು ಕಮಾನುಗಳ ಸೇತುವೆ ಮುಗಿದದ್ದು 1868ರಲ್ಲಿ. ಸೇತುವೆಯಿಲ್ಲದ ನಕ್ಷೆ ಅದಕ್ಕೆ ಹಿಂದಿನ ಸರ್ವೇಕ್ಷಣೆಯದು. ಪಟ್ಟಣದ ಬಳಿ 1865ರವರೆಗೆ ಇದ್ದ ದೇಶೀಯ ದಳದ ದಂಡು ಪ್ರದೇಶ ಜೀವಂತ ನೆಲೆಯಾಗಿ ಕಂಡರೆ ಅದು ಇನ್ನೂ ಹಿಂದಿನದು. ಬೆಂಗಳೂರಿನ ಕಡೆಯಿಂದ ಬಂದ ರೈಲುಮಾರ್ಗ 1880ರ ದಶಕದ ಕೊನೆಗೆ ಹರಿಹರವನ್ನು ಮುಟ್ಟಿತು. 1941ರಲ್ಲಿ ಆರಂಭವಾಗಿ ಈ ಶತಮಾನದ ಆರಂಭದಲ್ಲಿ ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, 1965ರಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟಿನ ನಾಲೆಗಳು, 1970ರ ದಶಕದಲ್ಲಿ ಆಚೆದಡದ ಕುಮಾರಪಟ್ಟಣದಲ್ಲಿ ಎದ್ದ ಕಾರ್ಖಾನೆಗಳು, ಈ ಶತಮಾನದ ಮೊದಲ ದಶಕದಲ್ಲಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ: ಇವು ಕ್ರಮವಾಗಿ ಮೇಲಿನ ಪದರಗಳು.

ಇವುಗಳಲ್ಲಿ ಗ್ರಾಮಜೀವನವನ್ನು ಆಳವಾಗಿ ಬದಲಿಸಿದ್ದು ಭದ್ರಾ ನಾಲೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಹೊಲದ ನಡುವೆ ಸುಗ್ಗಿಯ ನಂತರ ತೆರೆದುಕೊಳ್ಳುತ್ತಿದ್ದ ಬಂಡಿದಾರಿಗಳು ವರ್ಷಕ್ಕೆರಡು ಬೆಳೆಯ ನೀರಿನಲ್ಲಿ ಮುಳುಗಿದವು. ಕಣ, ಬಣವೆ, ರಾಶಿಪೂಜೆಗಳ ಜಾಗ ಬದಲಾಯಿತು. ನಾಲೆಗೆ ಮುಂಚಿನ ಒಂದಿಂಚಿನ ಹಾಳೆಯನ್ನೂ ನಂತರದ 1:50,000 ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ನೀರು ಯಾವ ಯಾವ ದಾರಿಯನ್ನು ಕತ್ತರಿಸಿತು ಎಂಬುದನ್ನು ಗೆರೆಗೆರೆಯಾಗಿ ಎಣಿಸಬಹುದು. ಒಣಬೇಸಾಯದ ಹಾಡು, ಗಾದೆ, ಆಚರಣೆಗಳು ಯಾವ ನೆಲದಲ್ಲಿ ಹುಟ್ಟಿದವು ಎಂಬುದನ್ನು ತಿಳಿಯಲು ಈ ಹೋಲಿಕೆ ಅಗತ್ಯ.

4. ಹೆಸರುಗಳ ಓದು

ಸ್ಥಳನಾಮಗಳು ನಾಡಿನ ಕಥೆಯನ್ನು ಹೇಳಬಲ್ಲವೆಂಬುದನ್ನು ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಬಹಳ ಹಿಂದೆಯೇ ತೋರಿಸಿದ್ದಾರೆ. ಸ್ಥಳವರ್ಣನಾ ನಕ್ಷೆ ಇಂಥ ಹೆಸರುಗಳ ದೊಡ್ಡ ಭಂಡಾರ. ಆದರೆ ಅದು ರೋಮನ್ ಲಿಪಿಯ ಭಂಡಾರ. ಆ ಲಿಪಿಯಲ್ಲಿ ಹ್ರಸ್ವ ದೀರ್ಘಗಳ, ಲಕಾರ ಳಕಾರಗಳ, ತಕಾರ ಟಕಾರಗಳ ಭೇದ ಉಳಿಯುವುದಿಲ್ಲ. ಹಾಲು, ಹಾಳು ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಗುತ್ತೂರನ್ನೇ ಗುತ್ತೂರು, ಗುಟ್ಟೂರು, ಗೂಟೂರು ಎಂದು ಮೂರು ಬಗೆಯಲ್ಲಿ ಓದಬಹುದು. ಸೂಚಿಯನ್ನು ನೋಡುವವರು ಇದನ್ನು ಆಂಧ್ರದ ಪೆನುಗೊಂಡೆಯ ಬಳಿಯ ಗುಟ್ಟೂರಿನೊಡನೆ ಬೆರೆಸುವ ಸಂಭವವಿದೆ. ಗುತ್ತರಸರ ರಾಜಧಾನಿ ಗುತ್ತವೊಳಲು ಇಂದಿನ ಹಾವೇರಿ ಜಿಲ್ಲೆಯ ಗುತ್ತಲ. ಅದು ಹೊಳೆಯ ಆಚೆಯದು. ಹೆಸರಿನ ಹೋಲಿಕೆಯೊಂದನ್ನೇ ನಂಬಿ ಗುತ್ತೂರನ್ನು ಗುತ್ತರಿಗೆ ಜೋಡಿಸುವುದಾಗಲಿ, ಮೇಲೆ ಹೇಳಿದ ಗುಹಾಸುರನಿಗೆ ಜೋಡಿಸುವುದಾಗಲಿ ಶಾಸ್ತ್ರಸಮ್ಮತವಲ್ಲ. ಶಾಸನದ ರೂಪ, ಜನರ ಉಚ್ಚಾರ, ಕಂದಾಯ ದಾಖಲೆಯ ಕನ್ನಡ ರೂಪ, ನಕ್ಷೆಯ ರೋಮನ್ ರೂಪ ಈ ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡ ಬಳಿಕವೇ ನಿಷ್ಪತ್ತಿಯ ಮಾತು.

ಪ್ರತ್ಯಯಗಳ ಹಂಚಿಕೆ ಹೆಚ್ಚು ನಂಬಲರ್ಹ. ಈ ಹಾಳೆಗಳಲ್ಲಿ ಗುತ್ತೂರು, ದೀಟೂರುಗಳಂಥ ‘ಊರು’ಗಳು, ರಾಜನಹಳ್ಳಿಯಂಥ ‘ಹಳ್ಳಿ’ಗಳು, ದೇವರಬೆಳಕೆರೆಯಂಥ ‘ಕೆರೆ’ಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳವಾಗಿವೆ ಎಂದು ಬಣ್ಣ ಹಚ್ಚಿ ನೋಡಿದರೆ ನೆಲೆಸುವಿಕೆಯ ಕ್ರಮದ ಬಗ್ಗೆ ಊಹೆಗಳು ಮೂಡುತ್ತವೆ. ಅವು ಊಹೆಗಳೇ, ಶಾಸನಗಳ ಒರೆಗೆ ಹಚ್ಚಬೇಕಾದವು.

ಇನ್ನೊಂದು ಪ್ರಶ್ನೆಯೂ ಇದೆ. ಸರ್ವೇಕ್ಷಕನಿಗೆ ಹೆಸರುಗಳನ್ನು ಹೇಳಿದವರು ಯಾರು? ಬಹುಮಟ್ಟಿಗೆ ಗೌಡ, ಶಾನುಭೋಗ, ತಳವಾರರು. ನೀರು ತರುವ, ಬಟ್ಟೆ ಒಗೆಯುವ, ಕಟ್ಟಿಗೆ ಆಯುವ ಹೆಂಗಸರು ಎಡೆಗಳಿಗೆ ಕೊಟ್ಟ ಹೆಸರುಗಳು ಹಾಳೆಗೆ ಏರಲಿಲ್ಲ. ಕುರಿಗಾರರ ತಂಗುದಾಣಗಳೂ ಏರಲಿಲ್ಲ. ಊರೊಳಗಿನ ಕೇರಿಗಳು ಕೆಂಪು ಬಣ್ಣದ ಒಂದೇ ಗುಂಪಾಗಿ, ಕೆಲವೊಮ್ಮೆ ಸ್ವಲ್ಪ ದೂರದಲ್ಲಿ ಇನ್ನೊಂದು ಸಣ್ಣ ಗುಂಪಾಗಿ ಕಾಣುತ್ತವೆ. ಆ ದೂರದ ಗುಂಪು ಯಾರದು, ಏಕೆ ದೂರ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

5. ಒಂಟಿ ಗುಡಿ ಮತ್ತು ಹಾಳೂರು

ಸಾಗುವಳಿಯ ಹೊಲಗಳ ನಡುವೆ, ಯಾವ ಮನೆಯೂ ಇಲ್ಲದ ಎಡೆಯಲ್ಲಿ ಗುಡಿಯ ಗುರುತೊಂದು ಕಂಡರೆ ಜಾನಪದ ಅಧ್ಯೇತೃ ಅಲ್ಲಿ ನಿಲ್ಲಬೇಕು. ನಮ್ಮ ನಾಡಿನಲ್ಲಿ ‘ಹಾಳೂರ ಹನುಮಪ್ಪ’ ಎಂಬ ಮಾತು ಸಾಮಾನ್ಯ. ಊರು ಎದ್ದುಹೋದರೂ ದೇವರು ಅಲ್ಲಿಯೇ ಉಳಿಯುತ್ತಾನೆ. ವರ್ಷಕ್ಕೊಮ್ಮೆ ಹಿಂದಿನವರ ಮಕ್ಕಳು ಬಂದು ಪೂಜೆ ಸಲ್ಲಿಸುತ್ತಾರೆ. ಒಂಟಿ ಗುಡಿ, ಅದರ ಬಳಿ ಹಳೆಯ ಬಾವಿ, ನಾಲ್ಕಾರು ದಾರಿಗಳು ಅಕಾರಣವಾಗಿ ಬಂದು ಕೂಡುವಿಕೆ: ಈ ಮೂರೂ ಒಂದೆಡೆ ಕಂಡರೆ ಹಾಳೂರಿನ ಸಾಧ್ಯತೆ ಬಲವಾಗುತ್ತದೆ. ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಇಂಥ ಗ್ರಾಮಗಳು ‘ಬೇಚರಾಕ್’ ಎಂಬ ಹೆಸರಿನಲ್ಲಿ ಉಳಿದಿವೆ. ಆ ಪಟ್ಟಿಯನ್ನೂ ಹಾಳೆಯನ್ನೂ ಹೋಲಿಸುವುದು ಎರಡನೆಯ ಹೆಜ್ಜೆ. ಎರಡು ಊರುಗಳು ಒಂದೇ ಒಂಟಿ ಗುಡಿಗೆ ನಡೆದುಕೊಳ್ಳುತ್ತಿದ್ದರೆ ಅವುಗಳ ಮೂಲದ ನಂಟನ್ನು ವಿಚಾರಿಸುವುದು ಮೂರನೆಯದು.

ಊರುಗಳು ಏಕೆ ಹಾಳಾದವು? ಈ ಪ್ರಶ್ನೆಗೆ ಜನರ ಉತ್ತರ ಮಾರಿ, ಶಾಪ, ಇರುವೆಯ ಕಾಟ, ಹೊಳೆಯ ಮುನಿಸು ಎಂದು ಹಲವು ರೂಪ ತಳೆಯುತ್ತದೆ. ದಾಖಲೆಯ ಉತ್ತರವನ್ನೂ ಪಕ್ಕದಲ್ಲಿಡಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಅನಂತರ 1881ರಲ್ಲಿ ಅದು 41,86,188. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ಬಿದ್ದ ಬರವೇ ಈ ಎಂಟೂಮುಕ್ಕಾಲು ಲಕ್ಷದಷ್ಟು ಇಳಿಕೆಗೆ ಮುಖ್ಯ ಕಾರಣ. ಇಲ್ಲಿಯೇ ನಕ್ಷೆಗಳ ಕಾಲಾನುಕ್ರಮಕ್ಕೆ ವಿಶೇಷ ಬೆಲೆ ಬರುತ್ತದೆ. ಈ ಸೀಮೆಯ ಕಂದಾಯ ಭೂಮಾಪನ ಆರಂಭವಾದದ್ದು ಬರಕ್ಕೆ ಮುಂಚೆ. ಇಪ್ಪತ್ತನೆಯ ಶತಮಾನದ ಒಂದಿಂಚಿನ ಹಾಳೆಗಳು ಬಂದದ್ದು ಬರದ ತರುವಾಯ. 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗಿಗೂ ತರುವಾಯ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲವಾದ ವಸತಿಗಳನ್ನು ಗುರುತಿಸಿದರೆ, ಗ್ಯಾಜೆಟಿಯರಿನ ಅಂಕಿಗಳ ಹಿಂದೆ ಇದ್ದ ಮನೆ, ಒಲೆ, ದೇವರುಗಳು ಹೆಸರು ಪಡೆಯುತ್ತವೆ. ಬರದ ಬಗೆಗಿನ ಜನಪದ ಕಥನಗಳನ್ನು ನಾವು ಇದುವರೆಗೆ ಹೆಚ್ಚಾಗಿ ಪಠ್ಯವಾಗಿ ಸಂಗ್ರಹಿಸಿದ್ದೇವೆ. ಅವನ್ನು ಎಡೆಗಳಿಗೆ ಕಟ್ಟುವ ಕೆಲಸ ಇನ್ನೂ ಬಹಳ ಉಳಿದಿದೆ.

ಆದರೆ ನಕ್ಷೆಯ ಮೌನವನ್ನು ಇಲ್ಲದಿರುವಿಕೆಯೆಂದು ತಿಳಿಯಲಾಗದು. ಹಾಳೂರಿನ ಬೂದಿಮಣ್ಣಿನ ದಿಬ್ಬ ಹೆಚ್ಚೆಂದರೆ ಎರಡಾಳು ಎತ್ತರ. 1:50,000 ಹಾಳೆಗಳಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರು; ಹಳೆಯ ಒಂದಿಂಚಿನವುಗಳಲ್ಲಿ 50 ಅಡಿ. ಹೊಳೆಬದಿಯ ಸಮತಟ್ಟು ನೆಲದಲ್ಲಿ ಇಂಥ ದಿಬ್ಬಗಳು ಎರಡು ರೇಖೆಗಳ ನಡುವೆ ಕಾಣೆಯಾಗುತ್ತವೆ. ಅವನ್ನು ತೋರಿಸಬಲ್ಲವರು ಕುರಿ ಕಾಯುವವರು.

6. ದಾರಿ, ಕಡವು, ಜಾತ್ರೆ

ಹಳೆಯ ಹಾಳೆಗಳು ದಾರಿಗಳನ್ನು ಕಲ್ಲುಹಾಸಿನ ರಸ್ತೆ, ಬಂಡಿದಾರಿ, ಹೇರೆತ್ತಿನ ದಾರಿ, ಕಾಲುದಾರಿ ಎಂದು ವಿಂಗಡಿಸುತ್ತವೆ. ಹೊಳೆಯಲ್ಲಿ ದೋಣಿಯ ಕಡವು ಯಾವುದು, ಬೇಸಗೆಯಲ್ಲಿ ನಡೆದು ದಾಟುವ ಎಡೆ ಯಾವುದು ಎಂಬುದನ್ನೂ ತೋರಿಸುತ್ತವೆ. ಕೆಲವೆಡೆ ಸಂತೆಯ ವಾರವನ್ನು ಸಹ ಬರೆದಿರುತ್ತಾರೆ. ಸೇತುವೆಯಾಗುವ ಮುನ್ನ ಹರಿಗೋಲು ಮತ್ತು ಹೊಳೆಯ ಹರಿವು ಎರಡೂ ಕೂಡಿ ಯಾವ ಊರಿಗೆ ಯಾವ ಊರಿನ ಹೆಣ್ಣು ಎಂಬುದನ್ನು ನಿರ್ಧರಿಸುತ್ತಿದ್ದವು ಎಂದರೆ ಅತಿಶಯೋಕ್ತಿಯಾಗದು. ಈ ಕಡೆಯ ದಡದ ಗುತ್ತೂರು, ದೀಟೂರು, ಸಾರಥಿಗಳಿಂದ ಆಚೆದಡಕ್ಕೆ ಇರುವ ನೆಂಟಸ್ತಿಕೆಗಳನ್ನು ಮನೆತನಗಳ ನೆನಪಿನಿಂದ ಬರೆದುಕೊಂಡು ಹಳೆಯ ಹಾಳೆಯ ಕಡವುಗಳ ಮೇಲೆ ಇಟ್ಟು ನೋಡುವುದು ಫಲಪ್ರದವಾದ ಅಧ್ಯಯನವಾಗಬಲ್ಲದು. ಹೊಳೆ ಎರಡು ಸರ್ಕಾರಗಳ ಗಡಿಯಾಗಿದ್ದಾಗಲೂ ಬೀಗರಿಗೆ ಗಡಿಯಾಗಿರಲಿಲ್ಲ.

ಜಾತ್ರೆಯ ದಾರಿಗಳು ಇನ್ನೂ ವಿಶಾಲ. ತುಂಗಭದ್ರೆಯ ಕೆಳಹರಿವಿನಲ್ಲಿರುವ ಮೈಲಾರಕ್ಕೆ ಭರತ ಹುಣ್ಣಿಮೆಯ ಕಾರಣಿಕಕ್ಕೆಂದು ಈ ಸೀಮೆಯ ಭಕ್ತರು ಬಂಡಿ ಕಟ್ಟಿಕೊಂಡು ಹೋಗುವ ಸಂಪ್ರದಾಯ ಪ್ರಸಿದ್ಧ. ಉಚ್ಚಂಗಿದುರ್ಗದ ಎಲ್ಲಮ್ಮನಿಗೆ ಹುಣ್ಣಿಮೆ ಹುಣ್ಣಿಮೆಗೆ ನಡೆದುಹೋಗುವವರಿದ್ದಾರೆ. ಇಂಥ ಪಯಣದ ತಂಗುದಾಣಗಳು ಸಾಮಾನ್ಯವಾಗಿ ತೋಪು, ಬಾವಿ, ಮಂಟಪ, ಕಟ್ಟೆಗಳು. ನಕ್ಷೆಯಲ್ಲಿ ಇವುಗಳಿಗೆಲ್ಲ ಗುರುತುಗಳಿವೆ. ಹಿರಿಯರು ಹೇಳುವ ತಂಗುದಾಣಗಳ ಸರಣಿಯನ್ನು ಹಾಳೆಯ ಮೇಲೆ ಜೋಡಿಸಿದಾಗ ಎರಡು ತಂಗುಗಳ ನಡುವಣ ದೂರ ಎತ್ತಿನ ಒಂದು ಹೊತ್ತಿನ ನಡಿಗೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬಹುದು. ಕೂಗಳತೆ, ಹರದಾರಿ, ಗಾವುದ ಮೊದಲಾದ ಜನಪದ ಅಳತೆಗಳ ನಿಜವಾದ ಮೌಲ್ಯವನ್ನು ನಿಘಂಟಿನಿಂದಲ್ಲದೆ ನೆಲದಿಂದಲೇ ತಿಳಿಯುವ ವಿಧಾನವಿದು.

ಇಲ್ಲಿ ಋತುವಿನ ಎಚ್ಚರ ಅಗತ್ಯ. ಸರ್ವೇಕ್ಷಕರ ತಂಡಗಳು ಕೆಲಸ ಮಾಡುತ್ತಿದ್ದುದು ಮಳೆಗಾಲ ಕಳೆದ ಮೇಲೆ. ಎರೆನೆಲದಲ್ಲಿ ಮಳೆ ಬಿದ್ದರೆ ಬಂಡಿಯ ಗಾಲಿ ಗುಂಬದವರೆಗೆ ಹೂಳುತ್ತದೆ. ಆಗ ಜನರು ಮಸಾರಿ ದಿಣ್ಣೆಯ ಸುತ್ತುದಾರಿ ಹಿಡಿಯುತ್ತಾರೆ. ನಕಾಶೆ ಕಂಡದ್ದು ಬೇಸಗೆಯ ದಾರಿಯನ್ನು. ಕಾರ್ತಿಕಕ್ಕೆ ಮುಂಚಿನ ದಾರಿಯನ್ನು ಕೇಳಿಯೇ ತಿಳಿಯಬೇಕು.

7. ಗಡಿಯ ನಕ್ಷೆ ಮತ್ತು ಚರಗದ ಗಡಿ

ಊರಿನ ಎಲ್ಲೆಯನ್ನು ಕಂದಾಯ ಇಲಾಖೆ ಬಾಂದುಕಲ್ಲಿನಿಂದ ಗುರುತಿಸುತ್ತದೆ. ಊರವರು ಊರಮ್ಮನ ಹಬ್ಬದಲ್ಲಿ ಚರಗದಿಂದ ಗುರುತಿಸುತ್ತಾರೆ. ಮಧ್ಯ ಕರ್ನಾಟಕದ ಈ ಭಾಗದಲ್ಲಿ ಹಬ್ಬದ ರಾತ್ರಿ ಊರಿನ ಗಡಿಯುದ್ದಕ್ಕೂ ಚರಗ ಚೆಲ್ಲುವ ಆಚರಣೆ ಇದೆ. ಚರಗ ಚೆಲ್ಲಿದಷ್ಟು ನೆಲ ಊರಮ್ಮನ ರಕ್ಷಣೆಗೆ ಒಳಪಟ್ಟದ್ದೆಂಬ ನಂಬಿಕೆ ಅದರ ಹಿಂದಿದೆ. ಅಗಸೆಬಾಗಿಲು, ಕರುವುಗಲ್ಲು, ಗಡಿಗಲ್ಲು, ಗಡಿಯ ದುರುಗಮ್ಮ ಇವೆಲ್ಲ ಈ ಸುತ್ತಿನ ನಿಲುಗಡೆಗಳು. ಈ ಸುತ್ತು ಇಂದಿನ ಗ್ರಾಮ ನಕ್ಷೆಯ ಎಲ್ಲೆಯೊಂದಿಗೆ ಹೊಂದಲೇಬೇಕೆಂದಿಲ್ಲ. ಹೊಂದದಿದ್ದರೆ ಕಾರಣ ಹುಡುಕಬೇಕು. ನಡುವೆ ಹಾಳೂರೊಂದರ ಭೂಮಿ ಸೇರಿರಬಹುದು. ನಾಲೆ ಅಥವಾ ರೈಲುಮಾರ್ಗ ಸುತ್ತನ್ನು ಮೊಟಕುಗೊಳಿಸಿರಬಹುದು. ಹಿಂದೆ ಎರಡು ಊರುಗಳು ಒಂದೇ ದೇವಿಯ ಒಕ್ಕಲಾಗಿದ್ದಿರಬಹುದು. ಪಟ್ಟಣದ ಅಂಚಿಗೆ ಬಂದಿರುವ ಊರುಗಳಲ್ಲಿ ಈ ಕೆಲಸ ತುರ್ತಿನದು. ಹೊಲಗಳು ನಿವೇಶನಗಳಾದ ಮೇಲೆ ಚರಗದ ದಾರಿ ಗೋಡೆಗೆ ಬಡಿದು ನಿಲ್ಲುತ್ತದೆ. ಎರಡು ಮೂರು ಹಬ್ಬಗಳ ಬಳಿಕ ಅದರ ಹಳೆಯ ಪಥವನ್ನು ಬಲ್ಲವರು ಉಳಿಯುವುದಿಲ್ಲ.

8. ಕ್ಷೇತ್ರಕಾರ್ಯದ ಕ್ರಮ

ಮೊದಲು ಹಾಳೆಗಳನ್ನು ಕೂಡಿಸಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳು, ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಗ್ರಾಮ ನಕ್ಷೆಗಳು, ಕರ್ನಾಟಕ ರಾಜ್ಯ ಪತ್ರಾಗಾರದ ಕಡತಗಳು ಮುಖ್ಯ ಆಕರಗಳು. 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷಾ ವಿಭಾಗ ಭಾರತದ ಹಾಳೆಗಳನ್ನು ಆಧರಿಸಿ ಸಿದ್ಧಪಡಿಸಿದ 1:2,50,000 ಪ್ರಮಾಣದ ಸರಣಿ ನಾಲೆಗೆ ಮುಂಚಿನ ಸ್ಥೂಲಚಿತ್ರಕ್ಕೆ ಸಹಾಯಕ. 2005ರ ರಾಷ್ಟ್ರೀಯ ನಕ್ಷಾ ನೀತಿ ಮತ್ತು 2021ರ ಭೂಪ್ರಾದೇಶಿಕ ಮಾರ್ಗಸೂಚಿಗಳ ತರುವಾಯ ನಕ್ಷೆಗಳ ಲಭ್ಯತೆ ಹಿಂದೆಂದಿಗಿಂತ ಸುಲಭವಾಗಿದೆ. ರಾಜ್ಯದ ‘ದಿಶಾಂಕ್’ ತಂತ್ರಾಂಶದಿಂದ ನಿಂತ ನೆಲದ ಸರ್ವೆ ನಂಬರನ್ನು ಕೈಫೋನಿನಲ್ಲಿಯೇ ತಿಳಿಯಬಹುದು.

ಎರಡನೆಯದು, ಹಳೆಯ ಹಾಳೆಯನ್ನು ಹೊಸದರ ಮೇಲೆ ಕೂರಿಸುವುದು. ಇವು ಬೇರೆ ಬೇರೆ ಭೂಮಾನಗಳನ್ನು ಆಧರಿಸಿರುವುದರಿಂದ ನೇರವಾಗಿ ಹೊಂದುವುದಿಲ್ಲ. ಕದಲದ ಗುರುತುಗಳನ್ನು ಆರಿಸಿ ಹೊಂದಿಸಬೇಕು. ಹರಿಹರೇಶ್ವರ ದೇವಾಲಯ, 1868ರ ಸೇತುವೆ, ಕೊಂಡಜ್ಜಿಯ ಕೆರೆಯ ಏರಿ ಇಂಥವು ಇದಕ್ಕೆ ತಕ್ಕವು. ಹೊಳೆಯ ದಡವನ್ನು ಗುರುತಾಗಿ ಬಳಸಬಾರದು, ಅದು ಕದಲುತ್ತದೆ.

ಮೂರನೆಯದೇ ಬಹುಮುಖ್ಯ: ಹಿರಿಯರ ಮುಂದೆ ಮೊದಲಿಗೇ ನಕ್ಷೆಯನ್ನು ಹಾಸಬಾರದು. ಅಚ್ಚಾದ ಗೆರೆಯನ್ನು ಕಂಡೊಡನೆ ನೆನಪು ಅದಕ್ಕೆ ಶರಣಾಗುತ್ತದೆ. ಮೊದಲು ಅವರೊಡನೆ ನಡೆಯಬೇಕು. ಮೂಡಲು, ಪಡುವಲು, ಹೊಳೆಯ ಮಗ್ಗಲು ಎಂದು ಅವರು ಹೇಳುವ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. ಅವರ ಕೈಯಿಂದಲೇ ನೆಲದ ಮೇಲೆ ಊರನ್ನು ಬರೆಸಬೇಕು. ಆ ಬಳಿಕ ಹಾಳೆಯನ್ನು ತೆರೆದು ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಬೇಕು. ಆಗ ಮರೆತಿದ್ದ ಹೆಸರುಗಳು ನೆನಪಾಗುವುದೂ ನಕ್ಷೆಯ ತಪ್ಪುಗಳು ಹೊರಬೀಳುವುದೂ ಉಂಟು. ಎರಡನ್ನೂ ಬೇರೆ ಬೇರೆಯಾಗಿಯೇ ದಾಖಲಿಸಬೇಕು.

9. ಮಿತಿ ಮತ್ತು ಹೊಣೆ

ಒಂದಿಂಚಿನ ಹಾಳೆಯಲ್ಲಿ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು 63 ಮೀಟರು. 1:50,000ದಲ್ಲಿ 50 ಮೀಟರು. ಗ್ರಾಮ ನಕ್ಷೆಯಲ್ಲಿಯೂ ಅದು ಸುಮಾರು 8 ಮೀಟರು. ಆದುದರಿಂದ ಸ್ಥಳವರ್ಣನಾ ನಕ್ಷೆಯನ್ನು ತೋರಿಸಿ ಹೊಲದ ಬದುವಿನ ಜಗಳವನ್ನಾಗಲಿ, ಗುಡಿಯ ಮೂಲಸ್ಥಾನದ ವಾದವನ್ನಾಗಲಿ ತೀರ್ಮಾನಿಸಲು ಬರುವುದಿಲ್ಲ. ಅಲ್ಲಿ ದಾರಿಯಿತ್ತು, ಸ್ಮಶಾನವಿತ್ತು, ಗೋಮಾಳವಿತ್ತು ಎಂಬುದಕ್ಕೆ ಅದು ಪೂರಕ ಸಾಕ್ಷಿಯಾಗಬಹುದು. ಎಷ್ಟಿತ್ತು, ಯಾರದಿತ್ತು ಎಂಬುದಕ್ಕೆ ಆಗದು. ಬಡವರ ಕೇರಿಗೆ ಹೋಗುವ ದಾರಿ ನಕಾಶೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಆ ದಾರಿಯೇ ಇರಲಿಲ್ಲವೆಂದು ವಾದಿಸುವುದಕ್ಕೆ ಸಂಶೋಧಕನ ಬರಹ ನೆಪವಾಗಬಾರದು.

ಇನ್ನೊಂದು ಹೊಣೆ ನಿಧಿಗಳ್ಳರ ಭಯದಿಂದ ಬಂದದ್ದು. ಒಂಟಿ ಗುಡಿ, ವೀರಗಲ್ಲು, ಹಾಳೂರುಗಳ ನಿಖರವಾದ ಸ್ಥಾನವನ್ನು ಅಚ್ಚಿಸಿದರೆ ಅಧ್ಯಯನಕ್ಕಿಂತ ಮೊದಲು ಗುದ್ದಲಿ ಅಲ್ಲಿಗೆ ತಲುಪುತ್ತದೆ. ಪ್ರಕಟಣೆಯಲ್ಲಿ ಗ್ರಾಮದ ಹೆಸರಿಗೆ ನಿಲ್ಲಿಸಿ, ಪೂರ್ಣ ವಿವರವನ್ನು ಊರಿನ ಶಾಲೆ ಅಥವಾ ಗ್ರಂಥಾಲಯಕ್ಕೂ ಸಂಬಂಧಪಟ್ಟ ಇಲಾಖೆಗೂ ಸಲ್ಲಿಸುವುದು ಉಚಿತ.

ಉಪಸಂಹಾರ

ಗುತ್ತೂರಿನಂಥ ಊರಿಗೆ ಪ್ರತ್ಯೇಕ ಇತಿಹಾಸ ಗ್ರಂಥವಿಲ್ಲ. ಹರಿಹರದ ದೇವಾಲಯದ ನೆರಳಿನಲ್ಲಿ, ದಾವಣಗೆರೆಯ ಗಿರಣಿಗಳ ಸದ್ದಿನಲ್ಲಿ ಅದರ ಗತಕಾಲ ಮರೆಯಾಗಿದೆ. ಆದರೆ ಎರಡು ಶತಮಾನಗಳಿಂದ ಭೂಮಾಪಕರು ಅದರ ಮೇಲೆ ಮತ್ತೆ ಮತ್ತೆ ಗೆರೆ ಎಳೆದಿದ್ದಾರೆ. ಅದಕ್ಕಿಂತ ಮೊದಲಿನಿಂದಲೂ ಜನರು ಅದರ ಮೇಲೆ ನಡೆದಿದ್ದಾರೆ. ಈ ಗೆರೆಗಳನ್ನೂ ಹೆಜ್ಜೆಗಳನ್ನೂ ಒಟ್ಟಿಗೆ ಓದುವ ಕೆಲಸಕ್ಕೆ ಭೂಗೋಳ, ಶಾಸನ, ಕಂದಾಯ ದಾಖಲೆ, ಜಾನಪದ ಈ ನಾಲ್ಕು ಕ್ಷೇತ್ರಗಳವರೂ ಕೂಡಬೇಕಾಗಿದೆ. ನಕ್ಷೆಗಳು ಪತ್ರಾಗಾರಗಳಲ್ಲಿ ಇನ್ನೂ ಕೆಲಕಾಲ ಸುರಕ್ಷಿತವಾಗಿರುತ್ತವೆ. ನಾಲೆ ಬರುವ ಮೊದಲಿನ ಬಂಡಿದಾರಿಯಲ್ಲಿ ನಡೆದ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಆದ್ದರಿಂದ ಕೆಲಸದ ಕ್ರಮ ಸ್ಪಷ್ಟ: ಮೊದಲು ರೂಢಿಯ ದಾರಿ, ಆಮೇಲೆ ನಕಾಶೆ ಕಂಡ ದಾರಿ.